ಕೆಂದ ಎಡಕ್ಕೆ, ಕರಿಯ ಬಲಕ್ಕೆ

ರಾವಂದೂರು
9-9-1940

ಖದೀರನಿಗೆ,

ಇತ್ತ ಕ್ಷೇಮ ಎಂದು ಬರೆದು ಶುರು ಮಾಡುವುದು ಲೋಕದ ವಾಡಿಕೆ. ಇತ್ತ ಕ್ಷೇಮವಿಲ್ಲ. ಆ ಪುಣ್ಯ ನಿನ್ನದೇ.

ಹೋದ ತಿಂಗಳು ಹವಲ್ದಾರನ ಉಡುಪು ತೊಟ್ಟು, ಮೀಸೆ ಹುರಿ ಮಾಡಿಕೊಂಡು ನಮ್ಮೂರಿಗೆ ಬಂದೆ. ಹುಣಸೂರು ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಇಷ್ಟು ವರ್ಷದ ಮೇಲೆ ಬಂದನಲ್ಲ ಎಂದು ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟೆ. ನೀನು ಮಜ್ಜಿಗೆ ಕುಡಿದು ನೆಟ್ಟಗೆ ಪಿರಿಯಾಪಟ್ಟಣದ ಸಂತೆ ಮಾಳಕ್ಕೆ ಹೋಗಿ ಭಾಷಣ ಬಿಗಿದೆ. "ದೊರೆಗಳ ಅನ್ನ ಉಂಡೋರು, ಮೀಸೆ ಇರೋ ಗಂಡಸ್ರು, ಯುದ್ಧ ಬಂದಾಗ ಮನೇಲಿ ಕೂತ್ಕೋತಾರೇನ್ರಲಾ?" ಎಂದು ಕೇಳಿದೆಯಂತೆ. ನನ್ನ ಮಗ ಬದ್ರ ಅದೇ ಸಂತೆಗೆ ಕಣ್ಣಿಹಗ್ಗ ತರಲು ಹೋಗಿದ್ದ. ಹಗ್ಗವೂ ಬರಲಿಲ್ಲ, ಮಗನೂ ಬರಲಿಲ್ಲ. ಲಷ್ಕರಿಗೆ ರುಜು ಹಾಕಿ ನಿಮ್ಮ ಲಾರಿ ಹತ್ತಿದ ಸುದ್ದಿಯನ್ನು ಪಕ್ಕದ ಮನೆಯ ಮಹದೇವಯ್ಯ ತಂದ. ಬದ್ರನಿಗಿನ್ನೂ ಮೀಸೆ ಸರಿಯಾಗಿ ಮೂಡಿಲ್ಲ ಕಣೋ.

ನನಗೆ ಇರುವವನು ಅವನೊಬ್ಬನೇ. ಅವನು ಯಾರ ಕೈಕೆಳಗೆ ಕವಾಯತು ಕಲಿಯುತ್ತಿದ್ದಾನೆ ಎಂದು ವಿಚಾರಿಸಿದರೆ ನಿನ್ನ ಹೆಸರೇ ಬಂತು. ದೇವರು ಅಷ್ಟಾದರೂ ಕಣ್ಣು ಬಿಟ್ಟ ಎಂದುಕೊಂಡೆ. ಕೈಲಾಗದ ಹುಡುಗರನ್ನು ಹವಲ್ದಾರನ ಮಾತಿನ ಮೇಲೆ ಮನೆಗೆ ಕಳಿಸುತ್ತಾರಂತೆ. ಇವನಿಂದ ಆಗುವುದಿಲ್ಲ ಎಂದು ಒಂದು ಮಾತು ಹೇಳು. ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಅವನು ಎಡಚ. ಎಡ ಯಾವುದು, ಬಲ ಯಾವುದು ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅವನ ಅವ್ವ ಒಲೆಯ ಮುಂದೆ ಕೂತವಳು ಹಾಗೇ ಕೂತಿದ್ದಾಳೆ. ಬೇಗ ಬರೆ.

ನಿನ್ನ ಹಳೆಯ ಗೆಳೆಯ,
ಸೋಮಯ್ಯ


ತರಬೇತಿ ಶಿಬಿರ, ಮೈಸೂರು
22-9-1940

ಸೋಮಯ್ಯ,

ಏನಪ್ಪಾ ಕಾಗದ ಅದು! ಲಕೋಟೆಯಲ್ಲಿ ಗುಂಟೂರು ಮೆಣಸಿನಕಾಯಿ ಹಾಕಿ ಕಳಿಸಿದ್ದೀಯ.

ನಿನ್ನ ಮಗನನ್ನು ನಾನು ಹೆಗಲ ಮೇಲೆ ಹೊತ್ತು ತರಲಿಲ್ಲ. ತಾನಾಗಿ ಮುಂದೆ ಬಂದು ರುಜು ಹಾಕಿದ. ಇಲ್ಲಿ ಚೆನ್ನಾಗಿಯೇ ಇದ್ದಾನೆ. ಚಪಾತಿ ಕಂಡರೆ ಮುಖ ಗಂಟು ಹಾಕುತ್ತಾನೆ, ಮುದ್ದೆ ಬೇಕು ಎನ್ನುತ್ತಾನೆ, ಅಷ್ಟೇ. ಹೊಸದಾಗಿ ಸೇರಿದ ಈ ರಂಗರೂಟುಗಳೆಲ್ಲ ಹಾಗೇ. ಬೂಟು ಕೊಟ್ಟ ದಿನ ಅರ್ಧ ಜನ ಅದನ್ನು ಕೊರಳಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಕವಾಯತಿಗೆ ಬಂದರು. ಕೇಳಿದರೆ, "ವಸಾದು ಕಣ್ರೀ, ಸವದೋಯ್ತದೆ" ಎಂದರು.

ಬದ್ರನ ವಿಷಯ ನೀನು ಹೇಳಿದ್ದು ನಿಜ. ಲೆಫ್ಟು ರೈಟು ಎಂದರೆ ಯಾವನಿಗೂ ತಲೆಗೆ ಹತ್ತಲಿಲ್ಲ. ಆಗ ನಾನು, "ಮುದ್ದೆ ಮುರಿಯೋ ಕೈ ಕಡೆ ತಿರುಗ್ರಲಾ!" ಎಂದು ಕೂಗಿದೆ. ಎಲ್ಲರೂ ಬಲಕ್ಕೆ ತಿರುಗಿದರು. ನಿನ್ನ ಮಗ ಎಡಕ್ಕೆ ತಿರುಗಿ ಪಕ್ಕದವನ ಮೂಗಿಗೆ ಮೂಗು ತಾಗಿಸಿಕೊಂಡು ನಿಂತ. ಮನೆಯಲ್ಲಿ ಎಡಗೈಯಲ್ಲೇ ಉಣ್ಣುತ್ತಿದ್ದೆ ಎಂದ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಆದರೆ ನೀನು ಕೇಳಿದ ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಕಣೋ. ಹೋದ ಯುದ್ಧದಿಂದ ಇವತ್ತಿನವರೆಗೆ ನಾನು ಅರಮನೆಯ ಉಪ್ಪು ತಿಂದಿದ್ದೇನೆ. ನ್ಯಾಯವಾಗಿ ಒಂದು ಮಾತು ಹೇಳುತ್ತೇನೆ, ಕೇಳು. ದೀಪಾವಳಿಗೆ ಪರೀಕ್ಷೆ. ಅಷ್ಟರೊಳಗೆ ಎಡ ಬಲ ಕಲಿಯದವನನ್ನು ಕ್ಯಾಪ್ಟನ್ ಸಾಹೇಬರೇ ಮನೆಗೆ ಕಳಿಸುತ್ತಾರೆ. ಕಲಿಯದಿದ್ದರೆ ನಿನ್ನ ಮಗ ನಿನಗೆ. ಕಲಿತರೆ ನನ್ನನ್ನು ಬೈಯಬೇಡ.

ಅತ್ತಿಗೆಗೆ ಸಮಾಧಾನ ಹೇಳು.

ನಿನ್ನ,
ಹವಲ್ದಾರ್ ಖದೀರ್


ರಾವಂದೂರು
6-10-1940

ಹವಲ್ದಾರ್ ಸಾಹೇಬರಿಗೆ,

ನಿಮ್ಮ ನ್ಯಾಯಕ್ಕೆ ಶರಣು. ದೀಪಾವಳಿಗೆ ಎಂದೆಯಲ್ಲ, ಇವಳು ಆಗಲೇ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುವ ಮಾತಾಡುತ್ತಿದ್ದಾಳೆ.

ಯಾಕೆಂದರೆ ಅವನು ಕಲಿಯುವುದಿಲ್ಲ. ಹತ್ತೊಂಬತ್ತು ವರ್ಷ ನಾನು ಕಲಿಸಲಾಗದ್ದನ್ನು ನೀನು ದೀಪಾವಳಿಯೊಳಗೆ ಕಲಿಸುತ್ತೀಯಾ? ಮೇಷ್ಟ್ರು ಬೆರಳ ಗಿಣ್ಣಿನ ಮೇಲೆ ಹೊಡೆದರು, ಬರಲಿಲ್ಲ. ಅವನ ಅವ್ವ ಬಲಗೈಗೆ ಕಪ್ಪು ದಾರ ಕಟ್ಟಿದಳು. ದಾರ ಕಟ್ಟಿದ್ದು ಯಾವ ಕೈ ಎಂದು ಅವನೇ ನಮ್ಮನ್ನು ಕೇಳುತ್ತಿದ್ದ. ಅವನಿಗೆ ಗೊತ್ತಿರುವುದು ನಮ್ಮ ಎರಡು ಎತ್ತು ಮಾತ್ರ. ನೊಗದ ಎಡಕ್ಕೆ ಕೆಂದ, ಬಲಕ್ಕೆ ಕರಿಯ. ಉಳುವಾಗ ನಾನು ಬದುವಿನ ಮೇಲೆ ನಿಂತು, ಎಡಕ್ಕೆ ಹೊಡೆಯೋ ಎಂದರೆ ಮಂಕು ಹಿಡಿದವನ ಹಾಗೆ ನಿಂತುಬಿಡುತ್ತಾನೆ. "ಕೆಂದನ ಕಡೀಕೆ ಹೊಡಿಯಲಾ" ಎಂದರೆ ಕಣ್ಣು ಮುಚ್ಚಿಕೊಂಡು ತಿರುಗಿಸುತ್ತಾನೆ. ನಿಮ್ಮ ಲಷ್ಕರಿನಲ್ಲಿ ಕೆಂದ ಎಲ್ಲಿದ್ದಾನೆ, ಕರಿಯ ಎಲ್ಲಿದ್ದಾನೆ?

ನಿಮ್ಮಪ್ಪ ಹುಣಸೂರಿನ ಗಾಡಿಖಾನೆಯಲ್ಲಿ ಕೈಯಾರೆ ಕೆತ್ತಿಕೊಟ್ಟ ನೊಗ ಇನ್ನೂ ಕಲ್ಲಿನ ಹಾಗಿದೆ. ಬದ್ರ ಬಂದಮೇಲೆ ಎತ್ತು ಹೂಡಿಕೊಂಡು ನಿಮ್ಮ ಮನೆಗೇ ಬರುತ್ತೇವೆ. ನಿನ್ನ ಮೇಲಿನ ಸಿಟ್ಟು ಆಗ ಇಳಿಯುತ್ತದೆ.

ಇಂತಿ,
ಸೋಮಯ್ಯ


ತರಬೇತಿ ಶಿಬಿರ, ಮೈಸೂರು
28-10-1940

ಸೋಮಯ್ಯ,

ಬೈಯಬೇಡ ಎಂದು ಮೊದಲೇ ಹೇಳಿದ್ದೆ. ಈಗ ಬೈಯಿ.

ನಿನ್ನ ಕಾಗದ ಓದಿದೆನೋ ಇಲ್ಲವೋ, ತೊಡೆ ತಟ್ಟಿಕೊಂಡು ಎದ್ದೆ. ಮಾರನೆಯ ಬೆಳಿಗ್ಗೆ ಬದ್ರನನ್ನು ಒಬ್ಬನನ್ನೇ ಮುಂದೆ ನಿಲ್ಲಿಸಿ, "ಇದು ಕೆಂದನ ಕಾಲು, ಇದು ಕರಿಯನ ಕಾಲು. ಊಂ, ನಡಿ! ಕೆಂದ, ಕರಿಯ, ಕೆಂದ, ಕರಿಯ" ಎಂದೆ. ಅಲ್ಲಾನ ಆಣೆ ಸೋಮಯ್ಯ, ಹುಡುಗ ಹೊಲಕ್ಕೆ ಹೊರಟ ಹಾಗೆ ಹೊರಟ. ಒಂದು ಹೆಜ್ಜೆ ತಪ್ಪಲಿಲ್ಲ. ತಿರುಗು ಎಂದಾಗ ತಿರುಗಿದ, ನಿಲ್ಲು ಎಂದಾಗ ನಿಂತ. ಉಳಿದವರಿಗೂ ಅದನ್ನೇ ಹಿಡಿಸಿದೆ. ಅವರೂ ಉಳುವ ಮನೆಯ ಮಕ್ಕಳೇ. ಈಗ ನನ್ನ ಸಾಲು ಇಡೀ ಮೈದಾನದಲ್ಲೇ ಮೇಲು. ನಾನು ಬಾಯಲ್ಲಿ ಲೆಫ್ಟ್ ರೈಟ್ ಎಂದರೆ ಅವರು ಮನಸ್ಸಿನಲ್ಲಿ ಎತ್ತು ಹೊಡೆಯುತ್ತಾರೆ. ಕ್ಯಾಪ್ಟನ್ ಸಾಹೇಬರು ಬಂದು ನೋಡಿ, ಇದ್ಯಾವ ಮಂತ್ರ ಹಾಕಿದೆ ಎಂದು ಕೇಳಿದರು.

ಪರೀಕ್ಷೆಯಲ್ಲಿ ಬದ್ರನೇ ಮೊದಲು. ನಿಜವಾದ ಬಂದೂಕು ಇನ್ನೂ ಬಂದಿಲ್ಲ. ನಮ್ಮ ಗಾಡಿಖಾನೆಯಲ್ಲಿ ಕೆತ್ತಿಸಿದ ಮರದ ಬಂದೂಕುಗಳನ್ನೇ ಕೊಟ್ಟಿದ್ದೇವೆ. ಅದನ್ನು ಬಲಗೈಯಲ್ಲೇ ಹಿಡಿಯುತ್ತಾನೆ, ಬಲಭುಜಕ್ಕೇ ಒರಗಿಸುತ್ತಾನೆ.

ಸಿಟ್ಟಾಗಬೇಡ. ಬೇಕೆಂದು ಮಾಡಿದ್ದಲ್ಲ. ಕಲಿಸುವವನ ಮುಂದೆ ಕಲಿಯುವವನು ನಿಂತರೆ ಕೈ ಸುಮ್ಮನಿರುವುದಿಲ್ಲ.

ನಿನ್ನ,
ಖದೀರ್


ತರಬೇತಿ ಶಿಬಿರ, ಮೈಸೂರು
3-12-1940

ತೀರ್ಥರೂಪು ಅಪ್ಪನವರ ಪಾದಗಳಿಗೆ ಬದ್ರ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ದೀಪಾವಳಿಗೆ ಬರಲಾಗಲಿಲ್ಲ ಎಂದು ಅವ್ವ ಬೇಜಾರು ಮಾಡಿಕೊಳ್ಳುವುದು ಬೇಡ. ಕಜ್ಜಾಯದ ಗಂಟು ಸೇರಿತು. ಖದೀರ್ ಹವಲ್ದಾರರಿಗೂ ಕೊಟ್ಟೆ. ಅವರು ತಿನ್ನದೆ ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಅಪ್ಪಾ, ನಾನು ದಡ್ಡ ಅಲ್ಲವಂತೆ. ಕ್ಯಾಪ್ಟನ್ ಸಾಹೇಬರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಊರಲ್ಲಿ ಎಲ್ಲರೂ ನನ್ನನ್ನು ಎಡಗೈ ಲೊಡ್ಡೆ ಎಂದು ಕರೆಯುತ್ತಿದ್ದರಲ್ಲ, ಇಲ್ಲಿ ಯಾರೂ ಕರೆಯುವುದಿಲ್ಲ. ಮಹದೇವಯ್ಯ ಮಾವನಿಗೆ ಇದನ್ನು ತಪ್ಪದೆ ಹೇಳಿ.

ಕೆಂದನಿಗೆ ಹಿಂಡಿ ಹಾಕಿ. ಅವನು ಕರಿಯನ ಪಾಲನ್ನೂ ತಿನ್ನುತ್ತಾನೆ, ನೋಡಿಕೊಳ್ಳಿ.

ನಿಮ್ಮ ಆಜ್ಞಾಧಾರಕ ಮಗ,
ವೀರಭದ್ರ


ರಾವಂದೂರು
20-1-1941

ಖದೀರ್ ಸಾಹೇಬರಿಗೆ,

ನನ್ನ ಬಾಯಿಂದಲೇ ಉರುಳು ಹೆಣೆದು ನನ್ನ ಮಗನ ಕೊರಳಿಗೆ ಹಾಕಿದೆ. ಆ ಕಾಗದ ಬರೆದ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು, ನಿನ್ನನ್ನು ಅಂದು ಫಲವಿಲ್ಲ ಎಂದು ಇಷ್ಟು ದಿನ ಸುಮ್ಮನಿದ್ದೆ. ಸುಮ್ಮನೇ ಇರುತ್ತಿದ್ದೆ. ಆದರೆ ಮೊನ್ನೆ ಗಾಡಿಯ ಕೀಲು ಹಾಕಿಸಲು ಹುಣಸೂರಿಗೆ ಹೋಗಿದ್ದೆ.

ನಿಮ್ಮ ಗಾಡಿಖಾನೆಯಲ್ಲಿ ಒಬ್ಬ ಹುಡುಗ ಮರ ಕೆತ್ತುತ್ತಿದ್ದ. ಆಳೆತ್ತರ, ಅಗಲವಾದ ಎದೆ. ನಿನ್ನ ಮಗ ಬಷೀರ. ಕೆತ್ತುತ್ತಿದ್ದುದು ಮರದ ಬಂದೂಕು. ನನ್ನನ್ನು ಕಂಡು ಎದ್ದು ಬಂದು ಮಣೆ ಹಾಕಿದ. ಒಳ್ಳೆಯ ಹುಡುಗ ಕಣೋ, ಮರ್ಯಾದೆ ಬಲ್ಲವನು. "ಬದ್ರ ಎಂಗವ್ನೆ ಚಾಚಾ?" ಎಂದು ಕೇಳಿದ. ಆಮೇಲೆ ಉಳಿಯನ್ನು ಕೈಯಲ್ಲಿ ತಿರುಗಿಸುತ್ತ, "ನಾನೂ ಸೇರ್ತೀನಿ ಅಂತ ಎಷ್ಟು ಹಟ ಮಾಡಿದೆ ಗೊತ್ತಾ? ಅಬ್ಬಾ ಒಪ್ಪಲಿಲ್ಲ. ಅಮ್ಮೀ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸ್ಕೊಂಡ್‌ಬುಟ್ರು" ಎಂದ.

ನಿನ್ನ ಹೆಂಡತಿ ಅಜ್ಮತುನ್ನೀಸಾ ಬಾಗಿಲ ಮರೆಯಿಂದಲೇ, "ನೀರು ಕುಡಿದು ಹೋಗಣ್ಣಾ" ಎಂದಳು. ಆ ತಾಯಿಯ ತಪ್ಪೇನಿದೆ? ಆದರೂ ನೀರು ಕುಡಿಯದೆ ಎದ್ದೆ. ಕೀಲು ಹಾಕಿಸದೆ ವಾಪಸು ಬಂದೆ.

ನಿನ್ನ ಮಗನಿಗೆ ಮರದ ಬಂದೂಕು, ನಾಳೆ ನನ್ನ ಮಗನಿಗೆ ನಿಜವಾದದ್ದು. ಹಂಚಿದ್ದು ಚೆನ್ನಾಗಿದೆ. ಸಂತೆ ಮಾಳದಲ್ಲಿ ಜನರನ್ನು ಕೇಳಿದೆಯಲ್ಲ, ಗಂಡಸಾದವನು ಮನೆಯಲ್ಲಿ ಕೂರುತ್ತಾನೇನು ಎಂದು. ಒಂದು ಸಲ ನಿನ್ನ ಮನೆಯ ಹೊಸ್ತಿಲಲ್ಲಿ ನಿಂತು ಅದೇ ಮಾತನ್ನು ಕೇಳು. ಉತ್ತರ ಸಿಕ್ಕಿದರೆ ನನಗೆ ಬರೆ. ಸಿಗದಿದ್ದರೆ ಬರೆಯಬೇಡ.

ಬದ್ರನ ಅಪ್ಪ


ತರಬೇತಿ ಶಿಬಿರ, ಮೈಸೂರು
16-3-1941

ಸೋಮಯ್ಯ,

ಉತ್ತರ ಸಿಗಲಿಲ್ಲ. ಆದರೂ ಬರೆಯುತ್ತಿದ್ದೇನೆ. ಹರಿದು ಒಲೆಗೆ ಹಾಕುವುದಾದರೆ ಓದಿ ಹಾಕು.

ಹೋದ ಯುದ್ಧದಲ್ಲಿ ನಮ್ಮ ಕುದುರೆ ಸವಾರರ ಜೊತೆ ಮರಳುಗಾಡಿಗೆ ಹೋಗಿದ್ದೆನಲ್ಲ. ಅಲ್ಲಿ ಕಂಡದ್ದನ್ನು ಅಜ್ಮತುನ್ನೀಸಾಳಿಗೆ ಮದುವೆಯಾದ ಹೊಸದರಲ್ಲಿ ಹೇಳಿದ್ದೆ. ಸಂತೆ ಮಾಳದಲ್ಲಿ ಹೇಳಲಿಲ್ಲ. ಹೇಳಿದ್ದರೆ ಯಾರು ರುಜು ಹಾಕುತ್ತಿದ್ದರು? ನನಗೆ ಭಾಷಣ ಮಾಡು ಎಂದು ಹೇಳಿದ್ದರು, ಮಾಡಿದೆ. ಮನೆಗೆ ಬಂದು ಮಗನ ಕೈ ಹಿಡಿದುಕೊಂಡೆ. ಎರಡೂ ನಾನೇ. ಇದಕ್ಕಿಂತ ನಾಚಿಕೆಗೇಡು ಬೇಕಾ?

ನಿನ್ನ ಕಾಗದ ಬಂದ ವಾರ ಹಡಗಿಗೆ ಹೋಗುವವರ ಆಯ್ಕೆ ಇತ್ತು. ನಾನು ಕ್ಯಾಪ್ಟನ್ ಸಾಹೇಬರ ಮುಂದೆ ನಿಂತು, "ವೀರಭದ್ರನನ್ನು ಬಿಟ್ಟುಬಿಡಿ ಸಾಹೇಬರೇ, ಅವನಿಗೆ ಎಡ ಬಲ ತಿಳಿಯದು, ಪಕ್ಕದವರನ್ನು ನೋಡಿಕೊಂಡು ಕಾಲು ಹಾಕುತ್ತಾನೆ" ಎಂದೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಹೇಳಿದ ಮೊದಲ ಸುಳ್ಳು ಸೋಮಯ್ಯ. ಸಾಹೇಬರು ಹುಬ್ಬು ಗಂಟಿಕ್ಕಿ ಅವನನ್ನು ಕರೆಸಿದರು. ಪಕ್ಕದವರನ್ನು ನೋಡದ ಹಾಗೆ ಕಣ್ಣಿಗೆ ಟವಲು ಕಟ್ಟಿ ಎಂದರು. ನಾನೇ ಕಟ್ಟಿದೆ. ಗಾಣದ ಎತ್ತಿನ ಹಾಗೆ ಮೈದಾನದ ನಡುವೆ ನಿಂತ.

ಸಾಹೇಬರು ಲೆಫ್ಟ್ ಎಂದರು, ತಿರುಗಿದ. ರೈಟ್ ಎಂದರು, ತಿರುಗಿದ. ಯಾ ಅಲ್ಲಾ, ಒಂದು ಸಲ ತಪ್ಪಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ತಪ್ಪಲೇ ಇಲ್ಲ. ಕೊನೆಗೆ, ನಾನು ಹೇಳಿನೋಡುತ್ತೇನೆ ಎಂದು ಮುಂದೆ ಹೋಗಿ, ಬೇಕೆಂದೇ ತಿರುಚಿ, "ರೈಟ್ ಟರ್ನ್! ಕೆಂದನ ಕಡೆಗೆ!" ಎಂದು ಕೂಗಿದೆ. ಈಗ ಯಾವ ಕಡೆ ತಿರುಗಿದರೂ ತಪ್ಪೇ ಎಂದುಕೊಂಡಿದ್ದೆ.

ಅವನು ಯಾವ ಕಡೆಗೂ ತಿರುಗಲಿಲ್ಲ. ಟವಲಿನ ಹಿಂದೆ ನಗುತ್ತಾ, "ಕೆಂದ ಬಲಗಡೀಕೆ ಬರಾಕಿಲ್ಲ ಕಣ್ರೀ ಅವಲ್ದಾರ್ರೇ! ಒಂದ್ಸಲ ಎಡಕ್ಕೆ ಕಟ್ಟಿದ್ ಎತ್ತು ಸತ್ರೂ ಬಲಕ್ಕೆ ಬರಾಕಿಲ್ಲ" ಎಂದ.

ನಾನು ಸಾಹೇಬರಿಗೆ ಹಿಂದೂಸ್ತಾನಿಯಲ್ಲಿ ಅರ್ಥ ಹೇಳಬೇಕಾಯಿತು. ಅವರು ಬಿದ್ದು ಬಿದ್ದು ನಕ್ಕರು. ಇಂಥವನನ್ನು ಬಿಡು ಎನ್ನುತ್ತೀಯಲ್ಲ ಹವಲ್ದಾರ್, ಇವನನ್ನು ನಿನ್ನ ಹತ್ತಿರವೇ ಇಟ್ಟುಕೊಳ್ಳುವ ಹುನ್ನಾರವೇ ಎಂದರು. ಅಲ್ಲೇ ಅವನ ತೋಳಿಗೆ ಒಂದು ಪಟ್ಟಿ ಕೊಟ್ಟು, ಮೊದಲನೆಯ ತುಕಡಿಯಲ್ಲಿ ಮೊದಲನೆಯವನಾಗಿ ಹೆಸರು ಬರೆಸಿದರು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಬಹುಶಃ ಎರಡನೆಯ ತುಕಡಿಗೆ ಉಳಿಯುತ್ತಿದ್ದನೇನೋ. ಗೊತ್ತಿಲ್ಲ.

ನನ್ನನ್ನೂ ಕಳಿಸಿ ಎಂದು ಕೇಳಿದೆ. ವಯಸ್ಸಾಯಿತು, ಹೊಸ ರಂಗರೂಟುಗಳು ಬರುತ್ತಿದ್ದಾರೆ, ಅವರಿಗೂ ಆ ಎತ್ತಿನ ಮಂತ್ರ ಹೇಳಿಕೊಡು ಎಂದರು.

ಖದೀರ್


ಊರಿನ ಹೆಸರು ಬರೆಯಬಾರದಂತೆ
ಆಗಸ್ಟ್ 1941

ಅಪ್ಪನವರಿಗೆ ಮತ್ತು ಅವ್ವನಿಗೆ ಬದ್ರನ ನಮಸ್ಕಾರಗಳು.

ನಾವು ಹಡಗು ಇಳಿದು ಬಂದ ಜಾಗದಲ್ಲಿ ಬರೀ ಮಳೆ, ಬರೀ ಮರ. ಎಚ್.ಡಿ. ಕೋಟೆಯ ಕಾಡು ಇದರ ಮುಂದೆ ಏನೂ ಅಲ್ಲ. ನನಗೆ ನಿಜವಾದ ಬಂದೂಕು ಕೊಟ್ಟಿದ್ದಾರೆ. ಮರದ್ದಕ್ಕಿಂತ ಭಾರ, ಆದರೆ ನೊಗದಷ್ಟು ಭಾರವಿಲ್ಲ.

ಅಪ್ಪಾ, ಖದೀರ್ ಹವಲ್ದಾರರ ಮೇಲೆ ನೀವು ಸಿಟ್ಟು ಇಟ್ಟುಕೊಳ್ಳಬೇಡಿ. ಆಯ್ಕೆಯ ದಿನ ಸಾಹೇಬರ ಮುಂದೆ ನನ್ನ ಕಣ್ಣು ಕಟ್ಟಿಸಿ, ತಿರುವುಮುರುವು ಕೂಗಿ ನನ್ನನ್ನು ಮೆರೆಸಿದರು. ಎಲ್ಲರಿಗಿಂತ ನಾನೇ ಮೇಲು ಎಂದು ತೋರಿಸಲು ಅವರು ಹೂಡಿದ ಆಟ ಅದು. ಲಾರಿ ಹತ್ತುವಾಗ ಹತ್ತಿರ ಬಂದು ನನ್ನ ಬೂಟಿನ ದಾರ ಬಿಗಿದು ಕಟ್ಟಿದರು. ಹವಲ್ದಾರರು ರಂಗರೂಟಿನ ಕಾಲು ಮುಟ್ಟುವುದುಂಟೇ? ನನಗೇ ನಾಚಿಕೆಯಾಯಿತು. ಅವರ ಋಣ ನಾನು ತೀರಿಸಬೇಕು.

ಇಲ್ಲಿ ಕತ್ತಲಲ್ಲಿ ದಾರಿ ನಡೆಯುವಾಗ ನನ್ನ ಹುಡುಗರಿಗೆ ಕೆಂದ ಕರಿಯ ಎಂದು ಮೆಲ್ಲಗೆ ಹೇಳುತ್ತೇನೆ. ಆಗ ನಮ್ಮ ಹೊಲದಲ್ಲೇ ಇದ್ದ ಹಾಗಾಗುತ್ತದೆ. ಕೆಂದ ಹೇಗಿದ್ದಾನೆ? ನೀವು ಅವನ ವಿಷಯ ಬರೆಯುವುದೇ ಇಲ್ಲ.

ನಿಮ್ಮ ಮಗ,
ವೀರಭದ್ರ


ತರಬೇತಿ ಶಿಬಿರ, ಮೈಸೂರು
2-4-1942

ಸೋಮಯ್ಯ,

ಸಿಂಗಪುರ ಬಿದ್ದ ಸುದ್ದಿ ಕೇಳಿರುತ್ತೀಯ. ಮೊದಲನೆಯ ತುಕಡಿ ಅಲ್ಲೇ ಇತ್ತು. ಸೆರೆ ಸಿಕ್ಕಿದವರು ಯಾರು, ಸತ್ತವರು ಯಾರು ಎಂದು ಇಲ್ಲಿ ಯಾವ ಆಫೀಸಿನಲ್ಲೂ ಹೇಳುತ್ತಿಲ್ಲ. ದಿನಾ ಹೋಗಿ ಕೇಳುತ್ತೇನೆ. ಈಗ ನನ್ನನ್ನು ಕಂಡರೆ ಗುಮಾಸ್ತರು ತಲೆಯೆತ್ತುವುದಿಲ್ಲ.

ನಿನಗೇನಾದರೂ ಕಾಗದ ಬಂತೇ? ಒಂದು ಕಾರ್ಡು ಹಾಕು. ನನಗೆ ರಜ ಸಿಗುತ್ತದೆ. ನಾನು ಬರಲೇ? ಏನಾದರೂ ಅನ್ನು, ಹೊಡೆ ಬೇಕಾದರೆ. ಬಷೀರನನ್ನೂ ಕರೆದುಕೊಂಡು ಬರುತ್ತೇನೆ. ಉಳುಮೆ ಮುಗಿಯುವವರೆಗೆ ನಿನ್ನ ಹೊಲದಲ್ಲಿ ದುಡಿಯಲಿ.

ಖದೀರ


ರಾವಂದೂರು
10-5-1942

ಖದೀರನಿಗೆ,

ಕಾಗದ ಬಂದಿಲ್ಲ. ಹೋದ ಆಗಸ್ಟಿನದೇ ಕೊನೆಯದು. ಅದನ್ನು ಮಹದೇವಯ್ಯನ ಕೈಲಿ ಓದಿಸಿ ಓದಿಸಿ ಬದ್ರನ ಅವ್ವನಿಗೆ ಬಾಯಿಪಾಠವಾಗಿದೆ. ನಾನು ಓದಿದರೆ ಅವಳಿಗೆ ಆಗುವುದಿಲ್ಲ. ನನ್ನ ದನಿ ನಡುಗುತ್ತದಂತೆ.

ಕೆಂದ ಹೋದ. ಈಗಲ್ಲ, ಹೋದ ವರ್ಷ ಯುಗಾದಿಗೆ ಮೊದಲೇ, ಗಂಟಲುಬೇನೆಯಲ್ಲಿ. ಬದ್ರನಿಗೆ ಬರೆಯಲಿಲ್ಲ. ಕೆಂದನ ಹೆಸರು ಹೇಳಿಕೊಂಡು ಹೆಜ್ಜೆ ಹಾಕುವವನಿಗೆ ಕೆಂದ ಇಲ್ಲ ಎಂದು ಹೇಗೆ ಬರೆಯಲಿ? ಕಾಲು ತಡವರಿಸಿ ಬಿದ್ದರೆ ಎಂದು ಭಯವಾಯಿತು. ಹೋದ ವರ್ಷ ಮಹದೇವಯ್ಯನ ಎತ್ತು ಬೇಡಿ ತಂದು ಉತ್ತೆ, ಈ ಸಲ ಇನ್ನೊಂದು ಎತ್ತು ಕೊಂಡು ತಂದೆ. ಅದೂ ಬಲಕ್ಕೆ ಪಳಗಿದ್ದೇ. ಹೊಸದು ಎಡಕ್ಕೆ ಕಟ್ಟಿದರೆ ಒದೆಯುತ್ತದೆ, ಕರಿಯನಾದರೂ ಎಡಕ್ಕೆ ಬರಲಿ ಎಂದು ಕಟ್ಟಿ ನೋಡಿದೆ. ನೊಗ ಎಸೆದು ಬದುವಿನ ಮೇಲೆ ಹೋಗಿ ನಿಂತ. ಮಳೆ ಬಿದ್ದು ಹೊಲ ಹದವಾಗಿ ಕಾಯುತ್ತಿದೆ. ಎತ್ತು ಎರಡಿವೆ, ನೊಗ ಇದೆ, ಉಳುಮೆ ಇಲ್ಲ.

ಬರಲೇ ಎಂದು ಕೇಳಿದ್ದೀಯ. ಬಾ. ಮನುಷ್ಯರ ಮಕ್ಕಳಿಗೆಲ್ಲ ಎಡ ಬಲ ಕಲಿಸಿದವನು ನೀನು, ಬಂದು ಈ ಎತ್ತಿಗೂ ಕಲಿಸು. ನಾನು ಹೊಡೆಯುವುದಿಲ್ಲ. ಜಗಲಿಯ ಮೇಲೆ ಚಾಪೆ ಹಾಸುತ್ತೇನೆ, ಮಜ್ಜಿಗೆಯನ್ನೂ ಕೊಡುತ್ತೇನೆ. ನೀನು ಅದನ್ನು ಕುಡಿಯಬೇಕು. ಪೂರ್ತಿ ಕುಡಿಯುವವರೆಗೆ ನಾನು ಎದುರಿಗೆ ಕೂತು ನೋಡುತ್ತೇನೆ.

ಬಷೀರನನ್ನು ಕರೆತರಬೇಡ. ನೊಗದ ಹಿಂದೆ ಇನ್ನೊಬ್ಬರ ಮಗ ನಿಂತಿರುವುದನ್ನು ಅವಳು ನೋಡಲಾರಳು. ಅವನು ಮನೆಯಲ್ಲೇ ಇರಲಿ. ಸಂಜೆ ಮಗ ಮನೆಗೆ ಬರುವುದು ಎಂದರೆ ಹೇಗಿರುತ್ತದೆ ಎಂದು ನಮ್ಮಿಬ್ಬರಲ್ಲಿ ಒಬ್ಬನಿಗಾದರೂ ಗೊತ್ತಿರಲಿ.

ಸೋಮಯ್ಯ